ಪಾಪರ್ ಚೀಟಿ ತಗೊಂಡರೆ ಮಗುವಿನ ಜೀವನಾಂಶದ ಬಾಕಿ ಮನ್ನಾ ಆಗುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ ತಿಂಗಳಿಗೆ 8,000 ರೂಪಾಯಿ ಜೀವನಾಂಶ ಕೊಡಬೇಕು ಅಂತ 2021ರಲ್ಲಿ ಫ್ಯಾಮಿಲಿ ಕೋರ್ಟ್ ಆದೇಶ ಮಾಡಿತ್ತು. ಅವಳ ಅಪ್ಪ ಸ್ವಲ್ಪ ಕಾಲ ಕೊಟ್ಟರು, ಆಮೇಲೆ ನಿಲ್ಲಿಸಿದರು. ಈಗ 22 ತಿಂಗಳ ಬಾಕಿ ಇದೆ. ಹೋದ ವಾರ ಸಿವಿಲ್ ಕೋರ್ಟಿನಿಂದ ನನಗೊಂದು ನೋಟಿಸ್ ಬಂತು. ವ್ಯಾಪಾರದಲ್ಲಿ ನಷ್ಟ ಆಗಿದೆ, ತಮ್ಮನ್ನು ದಿವಾಳಿ ಎಂದು ಘೋಷಿಸಬೇಕು ಅಂತ ಅವರು ಅರ್ಜಿ ಹಾಕಿದ್ದಾರೆ. ಬ್ಯಾಂಕು, ಚೀಟಿ ನಡೆಸುವವರು, ಕೈಸಾಲ ಕೊಟ್ಟವರು, ಇವರೆಲ್ಲರ ಜೊತೆ ನನ್ನನ್ನೂ ಏಳನೇ ಎದುರುದಾರಳಾಗಿ ಸೇರಿಸಿದ್ದಾರೆ. 'ಪಾಪರ್ ಚೀಟಿ ಸಿಕ್ಕರೆ ನಿನಗೆ ಒಂದು ಪೈಸೆಯೂ ಬರಲ್ಲ, 50,000 ತಗೊಂಡು ಸಹಿ ಹಾಕು' ಅಂತ ಅವರ ಕಡೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಸಹಿ ಹಾಕಬೇಡಿ. ಈ ಉತ್ತರ ಪೂರ್ತಿ ಓದಿ, ವಕೀಲರ ಹತ್ತಿರ ಕೂತು ಮಾತಾಡುವವರೆಗಾದರೂ ಯಾವ ಕಾಗದಕ್ಕೂ ಸಹಿ ಬೇಡ.

ನಿಮಗೆ ಹೇಳಿರುವುದು ತಪ್ಪು. ದಿವಾಳಿ ಆದ ಮಾತ್ರಕ್ಕೆ ಮಗುವಿನ ಜೀವನಾಂಶದ ಬಾಕಿ ಅಳಿಸಿ ಹೋಗುವುದಿಲ್ಲ. ಸಾಲದ ಹೊರೆಯಲ್ಲಿ ಸಿಕ್ಕಿಬಿದ್ದವನಿಗೆ ಹೊಸದಾಗಿ ಬದುಕು ಶುರುಮಾಡಲು ಒಂದು ದಾರಿ ಇರಲಿ ಅಂತ ದಿವಾಳಿ ಕಾನೂನು ಮಾಡಿದ್ದು. ಆ ಉದ್ದೇಶ ಒಳ್ಳೆಯದೇ. ಆದರೆ ಮಗಳ ಊಟ, ಬಟ್ಟೆ, ಶಾಲೆಯ ಫೀಸು ಅವರು ಯಾರಿಂದಲೋ ತಂದ ಸಾಲ ಅಲ್ಲ. ಬ್ಯಾಂಕಿನವರು ಲಾಭ ನಷ್ಟ ಲೆಕ್ಕ ಹಾಕಿ ಸಾಲ ಕೊಟ್ಟಿದ್ದಾರೆ. ನಿಮ್ಮ ಮಗಳು ಯಾರಿಗೂ ಸಾಲ ಕೊಟ್ಟಿಲ್ಲ. ಕಾನೂನಿಗೂ ಈ ವ್ಯತ್ಯಾಸ ಗೊತ್ತಿದೆ, ನೂರು ವರ್ಷದಿಂದ ಗೊತ್ತಿದೆ.

ನೋಟಿಸಿನ ಮೇಲ್ಭಾಗದಲ್ಲಿ ಯಾವ ಕಾಯ್ದೆ ಅಂತ ಬರೆದಿದೆ ನೋಡಿ. ನೀವು ಹೇಳಿದ್ದನ್ನು ಕೇಳಿದರೆ ಅದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಇರಬೇಕು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ, ಎಲ್ಲರೂ ಐಬಿಸಿ ಅನ್ನುತ್ತಾರೆ, ಅದರಲ್ಲೂ ವ್ಯಕ್ತಿಗಳ ದಿವಾಳಿಗೆ ಒಂದು ಭಾಗ ಇದೆ. ಆದರೆ 2019ರ ಡಿಸೆಂಬರ್ 1ರಿಂದ ಅದನ್ನು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅಂಗಡಿ ಇಟ್ಟು ಸೋತವರು, ಕೈಸಾಲ ಮಾಡಿ ಮುಳುಗಿದವರು ಇನ್ನೂ ಬ್ರಿಟಿಷರ ಕಾಲದ ಕಾಯ್ದೆಯಲ್ಲೇ ಅರ್ಜಿ ಹಾಕುತ್ತಾರೆ. ಆ ಕಾಯ್ದೆ ಎಷ್ಟು ಹಳೆಯದು ಅಂದರೆ, ಮೂಲ ಕಾಯ್ದೆಯ ಪ್ರಕಾರ 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದಿತ್ತು.

ಆ ಹಳೆಯ ಕಾಯ್ದೆಯ 44ನೇ ಕಲಮೇ ನಿಮ್ಮ ಕೈಯಲ್ಲಿರುವ ಮುಖ್ಯ ಅಸ್ತ್ರ. ದಿವಾಳಿಯಾದವನಿಗೆ ಕೊನೆಯಲ್ಲಿ ಕೋರ್ಟು ಬಿಡುಗಡೆ ಆದೇಶ ಕೊಡುತ್ತದೆ. ಆಗ ಅವನ ಸಾಲಗಳು ತೀರಿದ ಹಾಗೆ. ಆದರೆ ನಾಲ್ಕು ಬಗೆಯ ಹೊಣೆಯಿಂದ ಬಿಡುಗಡೆ ಸಿಗುವುದಿಲ್ಲ ಅಂತ ಈ ಕಲಮು ಹೇಳುತ್ತದೆ. ಸರ್ಕಾರಕ್ಕೆ ಕೊಡಬೇಕಾದ್ದು ಒಂದು. ಮೋಸದಿಂದ ಮಾಡಿದ ಸಾಲ ಇನ್ನೊಂದು. ಮೋಸ ಮಾಡಿ ವಾಯಿದೆ ಪಡೆದ ಸಾಲ ಮೂರನೆಯದು. ನಾಲ್ಕನೆಯದು, 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನ ಕೆಳಗೆ ಆದ ಜೀವನಾಂಶದ ಆದೇಶ.

488 ಅಂದರೆ ಯಾವುದು ಅಂತ ಗಾಬರಿ ಆಗಬೇಡಿ. ಅದೇ ಮುಂದೆ 1973ರ ಸಂಹಿತೆಯಲ್ಲಿ 125 ಆಯಿತು. ನಾವೆಲ್ಲ 'ಒನ್ ಟ್ವೆಂಟಿಫೈವ್ ಕೇಸು' ಅನ್ನುವುದು ಇದನ್ನೇ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಿಎನ್‌ಎಸ್‌ಎಸ್‌ನಲ್ಲಿ ಅದು 144 ಆಗಿದೆ. ಹಳೆ ಕಾನೂನನ್ನು ರದ್ದು ಮಾಡಿ ಅದೇ ವಿಷಯಕ್ಕೆ ಹೊಸ ಕಾನೂನು ತಂದರೆ, ಬೇರೆ ಕಾಯ್ದೆಗಳಲ್ಲಿರುವ ಹಳೆ ಉಲ್ಲೇಖವನ್ನು ಹೊಸದಕ್ಕೆ ಹೊಂದಿಸಿ ಓದಬೇಕು ಅಂತ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಎದುರು ವಕೀಲರು '488 ಈಗ ಇಲ್ಲವೇ ಇಲ್ಲ' ಅಂತ ವಾದ ಮಾಡಿದರೆ ನಿಮ್ಮ ವಕೀಲರು ಹೇಳಬೇಕಾದ ಉತ್ತರ ಇದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನಿಮ್ಮ 2021ರ ಆದೇಶವನ್ನು ತೆಗೆದು ಮೊದಲ ಪುಟ ನೋಡಿ. ಅದು 125ನೇ ಕಲಮಿನ ಕೆಳಗೆ ಆಗಿದ್ದರೆ ದಾರಿ ನೇರ. ಆದರೆ ಮಕ್ಕಳ ಜೀವನಾಂಶ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ ಆಗಬಹುದು, ಡೈವೋರ್ಸ್ ಕೇಸಿನ ಒಳಗೂ ಆಗಬಹುದು, ಕೌಟುಂಬಿಕ ಹಿಂಸೆ ಕಾಯ್ದೆಯಲ್ಲೂ ಆಗಬಹುದು. 1920ರ ಕಾಯ್ದೆಯ ಅಕ್ಷರಗಳು 488ನ್ನು ಮಾತ್ರ ಹೆಸರಿಸುತ್ತವೆ. ಹಾಗಾಗಿ ಬೇರೆ ಕಾಯ್ದೆಯ ಆದೇಶ ಇದ್ದವರು ಇನ್ನೂ ಒಂದು ಹೆಜ್ಜೆ ವಾದ ಮಾಡಬೇಕಾಗುತ್ತದೆ. ಡೈವೋರ್ಸ್ ರಾಜಿಯಲ್ಲಿ 'ಒಟ್ಟು ಇಷ್ಟು ಲಕ್ಷ ಕೊಡುತ್ತೇನೆ' ಅಂತ ಬರೆದುಕೊಟ್ಟು ಕೊಡದೇ ಇದ್ದರೆ, ಅದನ್ನು ಮಾಮೂಲಿ ಸಾಲ ಅಂತ ತೋರಿಸಲು ಎದುರಿನವರು ಖಂಡಿತ ನೋಡುತ್ತಾರೆ. ಅದಕ್ಕೇ ನಾನು ನನ್ನ ಕಕ್ಷಿದಾರರಿಗೆ ಯಾವಾಗಲೂ ಹೇಳುವುದು: ರಾಜಿ ಪತ್ರದಲ್ಲಿ ಮಗುವಿನ ಹಣವನ್ನು ಬೇರೆಯಾಗಿ, 'ಮಗುವಿನ ಜೀವನಾಂಶ' ಅಂತಲೇ ಹೆಸರಿಟ್ಟು ಬರೆಸಿ.

2016ರ ಸಂಹಿತೆ ಈ ವಿಷಯದಲ್ಲಿ ಎಷ್ಟೋ ಉದಾರ. ಅದರ 79ನೇ ಕಲಮು 'ಹೊರಗಿಟ್ಟ ಸಾಲ'ಗಳ ಪಟ್ಟಿ ಕೊಡುತ್ತದೆ. ಕೋರ್ಟಿನ ದಂಡ, ಶಿಕ್ಷಣ ಸಾಲ, ಇವುಗಳ ಜೊತೆ 'ಜಾರಿಯಲ್ಲಿರುವ ಯಾವುದೇ ಕಾನೂನಿನ ಕೆಳಗೆ ಯಾವುದೇ ವ್ಯಕ್ತಿಗೆ ಕೊಡಬೇಕಾದ ಜೀವನಾಂಶ' ಕೂಡ ಅದರಲ್ಲಿದೆ. ಯಾವುದೇ ಕಾನೂನು, ಗಮನಿಸಿ. ಈ ಬಗೆಯ ಸಾಲವನ್ನು ಸಾಲಗಾರ ತನ್ನ ಅರ್ಜಿಯಲ್ಲಿ ಸೇರಿಸುವ ಹಾಗೇ ಇಲ್ಲ. ಕೊನೆಗೆ ದಿವಾಳಿಯಿಂದ ಬಿಡುಗಡೆ ಸಿಕ್ಕಾಗಲೂ ಇದು ಉಳಿಯುತ್ತದೆ. ಆ ಸಂಹಿತೆಯಲ್ಲಿ ಅರ್ಜಿ ಹಾಕಿದ ದಿನದಿಂದಲೇ ಸಾಲ ವಸೂಲಿಗೆಲ್ಲ ತಡೆ ಬೀಳುತ್ತದೆ. ಜೀವನಾಂಶಕ್ಕೂ ಈ ತಡೆ ಅನ್ವಯಿಸುತ್ತದಾ ಅನ್ನುವ ಗೊಂದಲ ಇತ್ತು. 2025ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಗ್ರಾಹಕ ಆಯೋಗದ ದಂಡದ ಕೇಸೊಂದರಲ್ಲಿ, ಹೊರಗಿಟ್ಟ ಸಾಲಗಳಿಗೆ ಆ ತಡೆಯ ರಕ್ಷಣೆ ಸಿಗುವುದಿಲ್ಲ ಅಂತ ಹೇಳಿತು. ಅದು ಜೀವನಾಂಶದ ಕೇಸಲ್ಲ. ಆದರೆ ಜೀವನಾಂಶವೂ ಅದೇ ಪಟ್ಟಿಯಲ್ಲಿ ಇರುವುದರಿಂದ ಆ ತರ್ಕ ನಮ್ಮ ಕೈಗೆ ಚೆನ್ನಾಗಿ ಸಿಗುತ್ತದೆ.

ಇದಕ್ಕಿಂತಲೂ ಬಲವಾದದ್ದು 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶ. ಹೆಂಡತಿ ಮಕ್ಕಳ ಜೀವನಾಂಶದ ಹಕ್ಕು ಸಂವಿಧಾನದ 21ನೇ ವಿಧಿಯಿಂದ, ಅಂದರೆ ಘನತೆಯಿಂದ ಬದುಕುವ ಹಕ್ಕಿನಿಂದ ಬರುತ್ತದೆ, ಹಾಗಾಗಿ ಅದು ಬ್ಯಾಂಕು ಮತ್ತು ಇತರ ಸಾಲ ಕೊಟ್ಟವರ ಹಕ್ಕಿಗಿಂತ ಮೇಲೆ ನಿಲ್ಲುತ್ತದೆ ಅಂತ ಕೋರ್ಟು ಹೇಳಿತು. ಬ್ಯಾಂಕುಗಳು ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡುವ ಸರ್ಫೇಸಿ ಕಾಯ್ದೆ, ದಿವಾಳಿ ಸಂಹಿತೆ, ಎರಡರ ಹೆಸರನ್ನೂ ಹಿಡಿದೇ ಹೇಳಿತು. ಅದೇ ಕೇಸಿನಲ್ಲಿ ಗಂಡನ ಆದಾಯ ನೋಡಿ ತಿಂಗಳ ಮೊತ್ತವನ್ನು ಕಡಿಮೆ ಮಾಡಿತು ಅನ್ನುವುದೂ ನಿಜ. ನನಗೆ ಈ ಎರಡೂ ಒಟ್ಟಿಗೆ ಇರುವುದೇ ಮುಖ್ಯ ಅನ್ನಿಸುತ್ತದೆ. ಕೊಡುವ ಶಕ್ತಿ ಎಷ್ಟು ಅನ್ನುವುದು ಒಂದು ಪ್ರಶ್ನೆ. ಬಾಕಿ ಉಳಿದದ್ದನ್ನು ಯಾರಿಗೆ ಮೊದಲು ಕೊಡಬೇಕು ಅನ್ನುವುದು ಬೇರೆ ಪ್ರಶ್ನೆ. ಎರಡನೆಯದಕ್ಕೆ ಉತ್ತರ: ಮಗುವಿಗೆ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಐರ್ಲೆಂಡಿನಲ್ಲಿ 2012ರ ವೈಯಕ್ತಿಕ ದಿವಾಳಿ ಕಾಯ್ದೆಯೂ ಕೋರ್ಟ್ ಆದೇಶದ ಕೌಟುಂಬಿಕ ಜೀವನಾಂಶವನ್ನು ಹೊರಗಿಟ್ಟ ಸಾಲ ಅಂತಲೇ ಕರೆಯುತ್ತದೆ. ಅಮೆರಿಕದಲ್ಲಿ 2005ರ ತಿದ್ದುಪಡಿ ಆದಮೇಲೆ ದಿವಾಳಿಯಾದವನ ಆಸ್ತಿಯಿಂದ ಹಣ ಹಂಚುವಾಗ ಜೀವನಾಂಶದ ಬಾಕಿಗೆ ಮೊದಲ ಸಾಲಿನ ಜಾಗ.

ಇನ್ನು ನಿಮ್ಮ ಕೈಲಿರುವ ನೋಟಿಸಿಗೆ ಬರೋಣ. 'ಜೀವನಾಂಶ ಮನ್ನಾ ಆಗಲ್ಲ ಅಂದಮೇಲೆ ಕೋರ್ಟಿಗೆ ಯಾಕೆ ಹೋಗಬೇಕು' ಅಂತ ಸುಮ್ನೆ ಕೂರಬೇಡಿ. ದಯವಿಟ್ಟು ಹೋಗಿ. ಹಾಜರಾಗಿ, ವಕೀಲರ ಮೂಲಕ ತಕರಾರು ಹಾಕಿ. ಹೋಗದೇ ಇದ್ದರೆ ಆಗುವ ತೊಂದರೆ ಹೇಳುತ್ತೇನೆ.

ದಿವಾಳಿ ಅರ್ಜಿಯ ಮಧ್ಯೆ ಸಾಲಗಾರ ಒಂದು ರಾಜಿ ಯೋಜನೆ ಮುಂದಿಡಬಹುದು. 'ಎಲ್ಲರಿಗೂ ರೂಪಾಯಿಗೆ ಇಪ್ಪತ್ತು ಪೈಸೆ ಕೊಡುತ್ತೇನೆ, ಮುಗಿಸಿಬಿಡೋಣ' ಅನ್ನುವ ಥರದ್ದು. ಸಾಲ ಕೊಟ್ಟವರಲ್ಲಿ ಹೆಚ್ಚು ಜನ, ಮೊತ್ತದಲ್ಲಿ ಮುಕ್ಕಾಲು ಪಾಲು ಇರುವವರು ಒಪ್ಪಿ, ಕೋರ್ಟೂ ಒಪ್ಪಿದರೆ, ಪಟ್ಟಿಯಲ್ಲಿರುವ ಎಲ್ಲರಿಗೂ ಅದು ಅನ್ವಯಿಸುತ್ತದೆ ಅನ್ನುವುದು 1920ರ ಕಾಯ್ದೆಯ 38, 39ನೇ ಕಲಮಿನ ಮಾತು. ನಿಮ್ಮ ಹೆಸರು ಏಳನೇ ಸಾಲಿನಲ್ಲಿ ಮಾಮೂಲಿ ಸಾಲ ಕೊಟ್ಟವರ ಹಾಗೆ ಕೂತಿದ್ದು, ನೀವು ಒಂದು ಮಾತೂ ಆಡದೇ ಇದ್ದರೆ, ನಾಳೆ ನಿಮ್ಮ 1,76,000ಕ್ಕೂ ಇದೇ ಲೆಕ್ಕ ಅಂತ ವಾದ ಎಬ್ಬಿಸಲು ಅವರಿಗೆ ಜಾಗ ಸಿಗುತ್ತದೆ. ಆದ್ದರಿಂದ ತಕರಾರಿನ ಮೊದಲ ಸಾಲಿನಲ್ಲೇ ಹೇಳಿ: ಇದು ಸಾಲ ಅಲ್ಲ, ಮಗುವಿನ ಜೀವನಾಂಶ, 44ನೇ ಕಲಮಿನ ಪ್ರಕಾರ ಇದರಿಂದ ಬಿಡುಗಡೆ ಇಲ್ಲ, ನಮ್ಮನ್ನು ಈ ಪಟ್ಟಿಯಿಂದ ಮತ್ತು ಯಾವುದೇ ರಾಜಿ ಯೋಜನೆಯಿಂದ ಹೊರಗಿಡಿ.

ಇನ್ನೊಂದು ವಿಷಯ, ಬಂಧನದಿಂದ ರಕ್ಷಣೆ. ದಿವಾಳಿ ಎಂದು ಘೋಷಣೆ ಆದಮೇಲೆ ಸಾಲಗಾರ 31ನೇ ಕಲಮಿನಲ್ಲಿ ರಕ್ಷಣೆ ಕೇಳಬಹುದು. ಆ ರಕ್ಷಣೆಯನ್ನು ಎಲ್ಲ ಸಾಲಕ್ಕೂ ಕೊಡಬಹುದು, ಕೆಲವಕ್ಕೆ ಮಾತ್ರವೂ ಕೊಡಬಹುದು. ಅದು ಕೋರ್ಟಿನ ವಿವೇಚನೆ. ವಿರೋಧಿಸುವ ಹಕ್ಕು ನಿಮಗಿದೆ. 'ಕೊಟ್ಟರೂ ಜೀವನಾಂಶಕ್ಕೆ ಬೇಡ' ಅಂತ ಬರೆದು ಕೊಡಿ. ನನ್ನ ಅನುಭವದಲ್ಲಿ ಇಂಥ ಅರ್ಜಿ ಹಾಕುವ ಎಷ್ಟೋ ಜನರಿಗೆ ಬೇಕಿರುವುದು ಸಾಲಮನ್ನಾ ಅಲ್ಲ, ಫ್ಯಾಮಿಲಿ ಕೋರ್ಟಿನ ವಾರೆಂಟಿನಿಂದ ತಪ್ಪಿಸಿಕೊಳ್ಳಲು ಒಂದು ಕಾಗದ.

ಒಂದು ಸಮಾಧಾನದ ಸಂಗತಿಯೂ ಇದೆ. 1920ರ ಕಾಯ್ದೆಯಲ್ಲಿ ಬರೀ ಅರ್ಜಿ ಹಾಕಿದ್ದಕ್ಕೆ ಏನೂ ನಿಲ್ಲುವುದಿಲ್ಲ. ಕೋರ್ಟು 'ಇವರು ದಿವಾಳಿ' ಅಂತ ಆದೇಶ ಮಾಡಿದ ಮೇಲೆಯೇ ಸಾಲ ಕೊಟ್ಟವರು ಆಸ್ತಿಯ ಮೇಲೆ ಹೋಗುವುದಕ್ಕೆ ಕಡಿವಾಣ ಬೀಳುವುದು. 'ಐಪಿ (ದಿವಾಳಿ ಅರ್ಜಿ) ಹಾಕಿದ್ದೀನಿ, ಇನ್ನು ನೀನೇನೂ ಮಾಡೋಕಾಗಲ್ಲ' ಅನ್ನುವುದು ಸುಳ್ಳು. ಆದೇಶ ಆಗಿ, ಆಸ್ತಿ ರಿಸೀವರ್, ಅಂದರೆ ಅದನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದವರ ಕೈಗೆ ಹೋಗಿದ್ದರೆ, ಆ ಆಸ್ತಿಯನ್ನು ಜಪ್ತಿ ಮಾಡಿಸುವ ಮುಂಚೆ ದಿವಾಳಿ ಕೋರ್ಟಿನ ಅನುಮತಿ ಕೇಳಿಬಿಡಿ. ಆಮೇಲೆ ತಕರಾರು ಬರುವುದಿಲ್ಲ.

ಈಗ ನಿಮಗೆ ತುರ್ತಿನ ವಿಷಯ. ನಿಮ್ಮ ಪತ್ರದಲ್ಲಿ ಬಾಕಿ ವಸೂಲಿಗೆ ಅರ್ಜಿ ಹಾಕಿದ್ದೀರಾ ಅನ್ನುವುದು ಇಲ್ಲ. ಹಾಕಿಲ್ಲದಿದ್ದರೆ ಈ ವಾರವೇ ಹಾಕಿ. 125ರ ದಾರಿಯಲ್ಲಿ, ಈಗಿನ 144ರಲ್ಲೂ, ಹಣ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಾರೆಂಟ್ ಅರ್ಜಿ ಹಾಕಬೇಕು. ಇವತ್ತು ಹಾಕಿದರೆ ಹಿಂದಿನ 12 ತಿಂಗಳ 96,000 ಆ ದಾರಿಯಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನ 10 ತಿಂಗಳ 80,000 ಜಾರಿ ಹೋಗಿದೆ. ನೀವು ಇನ್ನೊಂದು ತಿಂಗಳು ಕಾದರೆ ಮತ್ತೆ 8,000 ಜಾರುತ್ತದೆ. ಜಾರಿದ್ದು ಪೂರ್ತಿ ಹೋಯಿತು ಅಂತಲ್ಲ. ಈ ಒಂದು ವರ್ಷದ ಮಿತಿ ವಾರೆಂಟಿನ ದಾರಿಗೆ ಮಾತ್ರ, ಹಕ್ಕು ಸಾಯುವುದಿಲ್ಲ, ಸಿವಿಲ್ ದಾರಿ ತೆರೆದಿರುತ್ತದೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯ ಹಾಗೆ ಅಮಲ್ಜಾರಿ ಮಾಡಿಸಬಹುದು ಅಂತ 2020ರ ನವೆಂಬರ್ 4ರ ತೀರ್ಪು ಸ್ಪಷ್ಟ ಮಾಡಿದೆ. ಆದರೆ ಅದು ನಿಧಾನದ ದಾರಿ. ಅರ್ಜಿ ಈಗಾಗಲೇ ಹಾಕಿದ್ದರೆ ಹೊಸ ತಿಂಗಳುಗಳನ್ನೂ ಅದಕ್ಕೆ ಸೇರಿಸಲು ವಕೀಲರಿಗೆ ಹೇಳಿ.

ಕೊಡಲು ಶಕ್ತಿಯಿದ್ದೂ ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತಾ? ಇಲ್ಲ. ಜೈಲು ವಸೂಲಿಯ ಒಂದು ಉಪಾಯ, ಹಣ ಕೊಟ್ಟ ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಅವರು ಈಗ ಎಲ್ಲಾದರೂ ಕೆಲಸಕ್ಕೆ ಸೇರಿದ್ದಾರಾ ವಿಚಾರಿಸಿ. ಸಂಬಳ ಜಪ್ತಿಯಲ್ಲಿ ಕಾನೂನು ಮಗುವಿನ ಕಡೆ ಎಷ್ಟು ವಾಲಿದೆ ಅಂತ ಈ ಲೆಕ್ಕ ನೋಡಿದರೆ ತಿಳಿಯುತ್ತದೆ. ಸಂಬಳ 45,000 ಅಂತಿಟ್ಟುಕೊಳ್ಳಿ. ಮಾಮೂಲಿ ಸಾಲದ ಡಿಕ್ರಿಯಲ್ಲಿ ಮೊದಲ 1,000 ಬಿಟ್ಟು, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಹಿಡಿಯಬಹುದು, ಅಂದರೆ ಸುಮಾರು 14,666. ಜೀವನಾಂಶದ ಡಿಕ್ರಿಯಾದರೆ ಮೂರನೇ ಒಂದು ಭಾಗ ಅವರಿಗೆ ಬಿಟ್ಟು 30,000ದವರೆಗೆ ಹಿಡಿಯಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು.

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅವರ ಸೈಟು, ಮನೆಯ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ. ಅರ್ಜಿ ಹಾಕುವ ಮುಂಚೆ ತಮ್ಮನ ಹೆಸರಿಗೋ ತಾಯಿಯ ಹೆಸರಿಗೋ ದಾನಪತ್ರ ಮಾಡಿರುವುದು ಬಹಳ ಸಲ ಕಾಣುತ್ತದೆ. ದಿವಾಳಿ ಅರ್ಜಿ ಹಾಕುವ ಹಿಂದಿನ ಎರಡು ವರ್ಷದಲ್ಲಿ ಹಣ ಪಡೆಯದೆ ಮಾಡಿದ ವರ್ಗಾವಣೆಯನ್ನು, ಅವರು ದಿವಾಳಿ ಅಂತ ಘೋಷಣೆ ಆದಮೇಲೆ, 1920ರ ಕಾಯ್ದೆಯ 53ನೇ ಕಲಮಿನಲ್ಲಿ ರದ್ದು ಮಾಡಿಸಬಹುದು. ಹಾಗೆಯೇ ಆಸ್ತಿಯ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕು ಇರುವವರು, ಆ ಆಸ್ತಿಯನ್ನು ಪುಕ್ಕಟೆ ಪಡೆದವರ ಮೇಲೂ ಹಕ್ಕು ಚಲಾಯಿಸಬಹುದು ಅಂತ ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಮು ಹೇಳುತ್ತದೆ.

ಬಾಕಿ ಲೆಕ್ಕವನ್ನು ಒಂದು ಹಾಳೆಯಲ್ಲಿ ತಿಂಗಳುವಾರು ಬರೆದಿಡಿ. ಒಮ್ಮೆ ಒಬ್ಬ ತಾಯಿ ನನ್ನ ಕಚೇರಿಗೆ ಮಗನ ಗಣಿತದ ನೋಟ್‌ಬುಕ್ ತಂದಿದ್ದರು. ಮುಂದೆ ಮಗ್ಗಿ, ಕೊನೆಯ ಎರಡು ಹಾಳೆಯಲ್ಲಿ ಜೀವನಾಂಶ. ಯಾವ ತಿಂಗಳು ಬಂತು, ಎಷ್ಟು ಬಂತು, ಯಾವ ತಾರೀಕು, ಬರದ ತಿಂಗಳಿಗೆ ಒಂದು ಗೀಟು. ಎದುರಿನವರು 'ಕೈಯಲ್ಲಿ ನಗದು ಕೊಟ್ಟಿದ್ದೆ' ಅಂದರು. ಇವರ ಗೀಟುಗಳನ್ನು ಬ್ಯಾಂಕ್ ಪಾಸ್‌ಬುಕ್ ಜೊತೆ ಹೊಂದಿಸಿ ನೋಡಿದಾಗ ಒಂದು ತಿಂಗಳೂ ತಪ್ಪಿರಲಿಲ್ಲ. ಆ ನೋಟ್‌ಬುಕ್ ನೂರು ಮಾತಿನ ಕೆಲಸ ಮಾಡಿತು. ನೀವೂ ಹಾಗೆ ಮಾಡಿ. ಆದೇಶದ ದೃಢೀಕೃತ ನಕಲು, ಪಾಸ್‌ಬುಕ್, ಈ ಹಾಳೆ, ಮೂರೂ ಒಂದೇ ಫೈಲಿನಲ್ಲಿರಲಿ.

50,000ದ ಮಾತು ಮುಗಿಸಿಲ್ಲ. ಬಾಕಿಯಲ್ಲಿ ಒಂದಿಷ್ಟು ಅಂತ ಅವರು ಕೊಟ್ಟರೆ ತಗೊಳ್ಳಿ, 'ಬಾಕಿಯ ಭಾಗ ಸಂದಾಯ' ಅಂತ ಬರೆದು ರಸೀತಿ ಕೊಡಿ. 'ಪೂರ್ತಿ ತೀರಿತು' ಅನ್ನುವ ಕಾಗದಕ್ಕೆ ಸಹಿ ಬೇಡ. ಅದು ನಿಮ್ಮ ಹಣ ಅಲ್ಲ, ಮಗಳದ್ದು. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಆಗುವುದಿಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಆದರೂ ಒಮ್ಮೆ ಸಹಿ ಬಿದ್ದ ಕಾಗದವನ್ನು ಬಿಡಿಸಿಕೊಳ್ಳಲು ವರ್ಷಗಟ್ಟಲೆ ಓಡಾಡಬೇಕು.

ಇದನ್ನು ಓದುವ ಅಪ್ಪಂದಿರಿಗೂ ಒಂದು ಮಾತು ಹೇಳಬೇಕು. ನಿಜವಾಗಿಯೂ ಕೈ ಸೋತವರು ಇದ್ದಾರೆ, ಅವರನ್ನು ನಾನು ನೋಡಿದ್ದೇನೆ. ಅಂಥವರಿಗೆ ದಾರಿ ದಿವಾಳಿ ಅರ್ಜಿ ಅಲ್ಲ. ಬಿಎನ್‌ಎಸ್‌ಎಸ್‌ನ 146ನೇ ಕಲಮು, ಹಿಂದಿನ 127. ಪರಿಸ್ಥಿತಿ ಬದಲಾಗಿದೆ, ಮೊತ್ತ ಕಡಿಮೆ ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಿ. ಆಸ್ತಿ, ಆದಾಯ, ಸಾಲದ ಅಫಿಡವಿಟ್ ಮುಚ್ಚುಮರೆ ಇಲ್ಲದೆ ಕೊಡಿ. ಆದರೆ ಬೇಗ ಹಾಕಿ. ಕಡಿಮೆ ಆಗುವುದು ಸಾಮಾನ್ಯವಾಗಿ ಮುಂದಿನ ತಿಂಗಳುಗಳದ್ದು. ಬಿದ್ದ ಬಾಕಿ ಬೆನ್ನು ಬಿಡುವುದಿಲ್ಲ. ಕಾರಿನ ಇಎಂಐ ಕಟ್ಟುತ್ತಿದ್ದೇನೆ, ಹಾಗಾಗಿ ಜೀವನಾಂಶ ಕೊಡಲಾಗಲಿಲ್ಲ ಅನ್ನುವ ಮಾತನ್ನು ಕೋರ್ಟುಗಳು ಒಪ್ಪುವುದು ಕಷ್ಟ.

ಕೊನೆಗೆ ಖರ್ಚಿನ ಚಿಂತೆ. ಎರಡೆರಡು ಕೋರ್ಟಿಗೆ ವಕೀಲರನ್ನು ಇಡುವುದು ಹೇಗೆ ಅಂತ ಯೋಚನೆ ಬಂದೇ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನ್ ಮಾಡುವುದಾದರೆ 15100. ನೋಟಿಸಿನಲ್ಲಿ ಹಾಜರಾಗಬೇಕಾದ ತಾರೀಕು ಇರುತ್ತದೆ ನೋಡಿ, ಅದಕ್ಕೆ ಒಂದು ವಾರ ಮುಂಚೆಯಾದರೂ ಆ ಫೈಲು ಹಿಡಿದು ಅಲ್ಲಿಗೆ ಹೋಗಿ.